ಅರಿಸಿನ ಕುಂಕುಮದ ಧ್ವಜ

ಧ್ವಜವು ನೋಡುವದಕ್ಕೆ ಬಟ್ಟೆಯ ತುಂಡೇ ಆದರೂ ಅದರಲ್ಲಿ ಜನರ ಮನಸ್ಸು ನೆಲೆಗೊಂಡಿರುವದು. ಭಾರತಯುದ್ಧದಲ್ಲಿ ಭೀಷ್ಮನ ರಥದ ಮೇಲೆ ತಾಳವೃಕ್ಷವೂ ದುರ್ಯೋಧನನ ರಥದ ಮೇಲೆ ಸರ್ಪವೂ ಅರ್ಜುನನ ರಥದ ಮೇಲೆ ಕಪಿಯೂ ಚಿಹ್ನೆಗಳಾಗಿದ್ದವು. ಧೂಳು ಕವಿದ ರಣದಲ್ಲಿ ನಮ್ಮವರಾರು, ಪರರಾರು ಎಂಬುದನ್ನು ಸೈನಿಕನು ಅರಿಯುತ್ತಿದ್ದುದು ಇವುಗಳಿಂದಲೇ. ಬನವಾಸಿಯ ಕದಂಬರ ಕುಲದವರು ತಮ್ಮನ್ನು ವಾನರಧ್ವಜರೆಂದೂ ಸಿಂಹಲಾಂಛನರೆಂದೂ ಶಾಸನಗಳಲ್ಲಿ ಕರೆದುಕೊಂಡಿರುವರು. ಆದರೆ ‘ನಮ್ಮವರಾರು’ ಎಂಬ ಪ್ರಶ್ನೆಗೆ ರಣರಂಗದಲ್ಲಿ ದೊರೆಯುವಷ್ಟು ಸುಲಭವಾದ ಉತ್ತರವು ಊರಿನಲ್ಲಿ ದೊರೆಯುವದಿಲ್ಲ.

ಕಾಳೀನದಿಯು ಸಮುದ್ರವನ್ನು ಸೇರುವ ಎಡೆಯಲ್ಲಿ, ತೆಂಕಣ ದಡದಲ್ಲಿ, ಕೋಡಿಬಾಗವಿದೆ. ಆಚೆಯ ದಡದ ಗುಡ್ಡದ ಮೇಲೆ ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡ. ಆ ಗಡದ ಮೇಲೆ ಸೋಂದೆಯವರ, ಪೋರ್ತುಗೀಸರ, ಹೈದರನ, ಇಂಗ್ಲಿಷರ ನಿಶಾನೆಗಳು ಒಂದರ ಹಿಂದೊಂದು ಏರಿದವು, ಇಳಿದವು. ೧೮೬೨ರಲ್ಲಿ ಈ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಕೂಡಿಸಿದರು. ೧೯೫೬ರ ನವೆಂಬರ ೧ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಕಾರವಾರವು ತಮಗೆ ಸಲ್ಲಬೇಕೆಂದು ಮಹಾರಾಷ್ಟ್ರದವರು ಹೂಡಿದ ವಾದವನ್ನು ೧೯೬೭ರ ಮಹಾಜನ ವರದಿಯು ಒಪ್ಪಲಿಲ್ಲ. ಗಡಿಯ ವ್ಯಾಜ್ಯವು ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಲೇರಿತು. ಇಂತಹ ಊರಿನಲ್ಲಿ ಧ್ವಜವನ್ನು ಕಂಡ ಕಣ್ಣು ಅದನ್ನು ಹಿಡಿದವನ ಮುಖವನ್ನೂ ನೋಡುವದು ಸಹಜವೇ.

ಈ ಊರಿನಲ್ಲಿ ಟಪಾಲು ಖಾತೆಯಿಂದ ನಿವೃತ್ತರಾದ ಗೃಹಸ್ಥರೊಬ್ಬರಿದ್ದಾರೆ. ಅವರ ಮನೆಯ ಮಾತು ಕೊಂಕಣಿ. ತಿದ್ದಿದ ಅಕ್ಷರ ಕನ್ನಡ. ಅಕ್ಟೋಬರದ ಕೊನೆಯ ದಿನ ಹತ್ತು ವರುಷದ ಮೊಮ್ಮಗಳು ಶಾಲೆಯಿಂದ ಬಂದವಳೇ ಹಳದಿ ಕೆಂಪಿನ ಬಾವುಟವನ್ನು ಜಗುಲಿಯ ಮೇಲೆ ಒಗೆದಳು.

“ಅಜ್ಜಾ, ನಾಳೆ ನಾನು ಇದನ್ನು ಹಿಡಿಯುವದಿಲ್ಲ. ಮನೆಯಲ್ಲಿ ಕೊಂಕಣಿ ಆಡುವವರಿಗೆ ಕನ್ನಡದ ಬಾವುಟವೇತಕ್ಕೆ ಎಂದು ಒಬ್ಬಳು ಕೇಳಿದಳು.”

ವೃದ್ಧರು ಕೂಡಲೇ ಉತ್ತರ ಕೊಡಲಿಲ್ಲ. ನೌಕರಿಯ ದಿನಗಳಲ್ಲಿ ಘಟ್ಟದ ಮೇಲಿನ ಊರೊಂದರಲ್ಲಿ ಅವರೂ ಇದೇ ಮಾತನ್ನು ಕೇಳಿದ್ದರು. ಅಂದಿನಿಂದ ರಾಜ್ಯೋತ್ಸವದ ದಿನ ಏನಾದರೊಂದು ನೆವ ಹೇಳಿ ಮನೆಯಲ್ಲಿಯೇ ಉಳಿಯುವದು ಅವರಿಗೆ ರೂಢಿಯಾಗಿತ್ತು. ಆ ರೂಢಿಯನ್ನು ಅವರು ಅಭಿಮಾನವೆಂದು ತಿಳಿದಿದ್ದರು. ಮೊಮ್ಮಗಳ ಮುಖದಲ್ಲಿ ಅದನ್ನೇ ಕಂಡಾಗ ಅದು ಬರಿಯ ನೋವೆಂಬುದು ಅವರಿಗೆ ಹೊಳೆಯಿತು. ತಮ್ಮ ಹಳೆಯ ನೋವನ್ನು ಈ ಎಳೆಯ ಜೀವಕ್ಕೆ ಆಸ್ತಿಯಾಗಿ ಬಿಟ್ಟು ಹೋಗುವದೇ ಎಂದು ಗಾಬರಿಯೂ ಆಯಿತು. ಅವರು ಬಾವುಟವನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಮಗುವನ್ನು ಹತ್ತಿರ ಕೂಡ್ರಿಸಿಕೊಂಡರು.

“ಇದನ್ನು ಯಾವ ಅರಸನೂ ಕೊಡಲಿಲ್ಲ, ಮಗೂ. ೧೯೬೦ರ ದಶಕದಲ್ಲಿ ಬೆಂಗಳೂರಿನ ಕನ್ನಡ ಚಳವಳಿಯಲ್ಲಿ ಮ. ರಾಮಮೂರ್ತಿಗಳೆಂಬವರು ಇದನ್ನು ರೂಪಿಸಿದರು. ಜನರು ಹಿಡಿದರು, ಅದು ನಿಂತಿತು. ೨೦೧೮ರಲ್ಲಿ ರಾಜ್ಯ ಸರಕಾರವು ಹಳದಿ ಕೆಂಪುಗಳ ನಡುವೆ ಬಿಳಿಯ ಪಟ್ಟಿಯನ್ನು ಸೇರಿಸಿ, ಅದರ ಮೇಲೆ ಗಂಡಭೇರುಂಡದ ರಾಜ್ಯಲಾಂಛನವನ್ನು ಬರೆಯಿಸಿ, ಕೇಂದ್ರದ ಸಮ್ಮತಿಗೆ ಕಳುಹಿಸಿತು. ಸಮ್ಮತಿ ಬರಲಿಲ್ಲ. ಜನರೋ ಹಳೆಯ ಎರಡು ಬಣ್ಣಗಳನ್ನೇ ಹಿಡಿದುಕೊಂಡು ಬಂದರು.”

“ಬೇರೆ ರಾಜ್ಯಗಳಿಗೆ ಧ್ವಜವಿಲ್ಲವೇ?”

“ಜಮ್ಮು ಕಾಶ್ಮೀರಕ್ಕೆ ಇತ್ತು. ಕೆಂಪು ಬಟ್ಟೆಯ ಮೇಲೆ ರೈತನ ನೇಗಿಲು, ಮೂರು ಸೀಮೆಗಳಿಗೆ ಮೂರು ಬಿಳಿಯ ಗೆರೆಗಳು. ೧೯೫೨ರಲ್ಲಿ ಅಂಗೀಕಾರವಾದದ್ದು ೨೦೧೯ರಲ್ಲಿ ಇಳಿಯಿತು. ಶಾಸನದಿಂದ ಬಂದದ್ದು ಶಾಸನದಿಂದಲೇ ಹೋಯಿತು. ಈ ಬಾವುಟಕ್ಕೆ ಶಾಸನದ ಆಧಾರವೇ ಇಲ್ಲ. ಆದುದರಿಂದ ಇದು ಹಿಡಿದವರದು. ಹಿಡಿದ ಕೈ ಮನೆಯಲ್ಲಿ ಯಾವ ಮಾತನಾಡುತ್ತದೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ.”

ಇಷ್ಟರಲ್ಲಿ ನೆರೆಯ ಮನೆಯ ಸುವಾಸಿನಿಯೊಬ್ಬಳು ಬಂದು ಹೊರಡಲು, ಅಜ್ಜಿಯು ಒಳಗಿನಿಂದ ತಟ್ಟೆ ತಂದಳು. ಒಂದು ಬಟ್ಟಲಲ್ಲಿ ಹಳದಿ, ಇನ್ನೊಂದರಲ್ಲಿ ಕುಂಕುಮ. ವೃದ್ಧರು ಬಾವುಟವನ್ನು ಬಿಡಿಸಿ ತಟ್ಟೆಯ ಪಕ್ಕದಲ್ಲಿ ಹಿಡಿದರು. “ನೋಡು, ಕನ್ನಡದವರು ಅರಿಸಿನ ಕುಂಕುಮವೆಂದು ಕರೆಯುವದು ಇದನ್ನೇ. ಯಾರನ್ನಾದರೂ ಹೊರಗೆ ನಿಲ್ಲಿಸುವದಕ್ಕೆ ಈ ತಟ್ಟೆಯನ್ನು ಯಾರೂ ತರುವದಿಲ್ಲ. ಬಂದವರಿಗೆ ಶುಭವನ್ನು ಕೋರುವದಕ್ಕೆ ತರುತ್ತಾರೆ.”

ಹುಡುಗಿ ಸುಲಭವಾಗಿ ಬಿಡುವವಳಲ್ಲ. “ನನ್ನ ಗೆಳತಿ ಕ್ರೈಸ್ತರವಳು. ಅವರ ಮನೆಯಲ್ಲಿ ಕುಂಕುಮದ ತಟ್ಟೆಯಿಲ್ಲವಲ್ಲ?”

ವೃದ್ಧರು ಕ್ಷಣ ಹೊತ್ತು ನಿರುತ್ತರರಾದರು. ಅಜ್ಜಿಯೇ ನಕ್ಕು ಹೇಳಿದಳು: “ಅವರ ಮನೆಯ ಮೀನಿನ ಸಾರಿನಲ್ಲಿ ಹಳದಿ ಹಾಕುವದಿಲ್ಲವೇ? ಮೆಣಸಿನ ಕೆಂಪು ಇರುವದಿಲ್ಲವೇ? ಈ ಎರಡು ಬಣ್ಣವಿಲ್ಲದ ಅಡಿಗೆಮನೆ ಈ ದಂಡೆಯಲ್ಲಿ ಯಾವದಿದೆ?”

ಹುಡುಗಿ ನಕ್ಕಳು. ಶಾಸ್ತ್ರಾರ್ಥವು ಅಡಿಗೆಮನೆಯಲ್ಲಿ ತೀರ್ಮಾನವಾಯಿತು.

ಧ್ವಜದ ಅರ್ಥವು ಬಣ್ಣದಲ್ಲಿ ಅರ್ಧವಿದ್ದರೆ ಹಿಡಿದವನ ನಡತೆಯಲ್ಲಿ ಅರ್ಧವಿರುವದು. ಹಳದಿಯು ಶಾಂತಿಯೆಂದೂ ಕೆಂಪು ಧೈರ್ಯವೆಂದೂ ಹೇಳುವವರುಂಟು. ನೆರೆಯವನನ್ನು ಹೆದರಿಸುವದಕ್ಕೆ ಅದನ್ನು ಬೀಸಿದರೆ ಶಾಂತಿಯೂ ಉಳಿಯದು, ಧೈರ್ಯವೂ ಉಳಿಯದು. ಕೊಂಕಣಿಯು ೧೯೯೨ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. ಈ ನಾಡಿನಲ್ಲಿ ಅದನ್ನು ಕನ್ನಡ ಲಿಪಿಯಲ್ಲಿ ಬರೆಯುವ ವಾಡಿಕೆಯೂ ಇದೆ. ಒಂದೇ ಅಕ್ಷರಮಾಲೆಯಲ್ಲಿ ಎರಡು ನುಡಿಗಳು ಬಾಳಬಹುದಾದರೆ ಒಂದೇ ಬಾವುಟದ ಕೆಳಗೆ ಬಾಳಲಾರವೇ? ಹುಬ್ಬಳ್ಳಿಯ ಬೆಂಗೇರಿಯ ಖಾದೀ ಕೇಂದ್ರದಲ್ಲಿ ಹೊಲಿದ ತ್ರಿವರ್ಣಧ್ವಜಗಳು ದೇಶದ ನಾನಾ ಭಾಷೆಗಳ ಊರುಗಳಲ್ಲಿ ಹಾರುತ್ತಿವೆ. ಹೊಲಿದವರ ಮನೆಮಾತು ಯಾವದೆಂದು ಅಲ್ಲಿ ಯಾರೂ ವಿಚಾರಿಸುವದಿಲ್ಲ.

ಮರುದಿನ ಬೆಳಿಗ್ಗೆ ವೃದ್ಧರು ಒಗೆದ ಧೋತರವನ್ನುಟ್ಟು ಎಷ್ಟೋ ವರುಷಗಳ ಮೇಲೆ ಮೆರವಣಿಗೆಗೆ ಹೊರಟರು. ಬಾವುಟದ ಕೋಲು ಮೊಮ್ಮಗಳ ಕೈಯಲ್ಲಿ. ದಾರಿಯಲ್ಲಿ ಆ ಪ್ರಶ್ನೆ ಕೇಳಿದ ಹುಡುಗಿ ಎದುರಾದಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಅನಂತರ ಮೊಮ್ಮಗಳು ಕೋಲಿನ ಮೇಲೆ ಕೈಯನ್ನು ತುಸು ಸರಿಸಿ, ಇನ್ನೊಂದು ಕೈಗೆ ಎಡೆ ಮಾಡಿಕೊಟ್ಟಳು.