ಹೆಲ್ಮೆಟ್ಟಿನೊಳಗಿನ ಗಾಳಿ

ನನ್ನ ಮಗ ದಿನಾ ಕೊಟ್ಟೂರಿಂದ ಕೂಡ್ಲಿಗಿಗೆ ಬೈಕಿನ್ಯಾಗ ಕೆಲಸಕ್ಕ ಹೋಗಿಬರ್ತಾನ. ಆಷಾಢದ ಗಾಳಿ ಶುರುವಾದಾಗಿಂದ ಊಟಕ್ಕ ಎರಡೆರಡು ಸಲ ಕೂಗಬೇಕಿತ್ತು. "ಹೆಲ್ಮೆಟ್ಟಿನ ಸದ್ದು ಕಿವ್ಯಾಗ ಇನ್ನೂ ಗುಂಯ್ ಅಂತೈತಬೇ" ಅಂದ. ಮರುದಿನ ನೋಡಿದ್ರ ಹೆಲ್ಮೆಟ್ ಗೂಟಕ್ಕೇ ಐತಿ! ನನ್ನ ಎದಿ ಧಸಕ್ಕಂತು.

ಅದನ್ನ ನಾನೇ ಹಾಕ್ಕೊಂಡು ಮಾಳಿಗಿ ಮ್ಯಾಲೆ ಗಾಳಿಗೆ ಮುಖ ಕೊಟ್ಟು ನಿಂತೆ. ಪಕ್ಕದ ಮನಿ ಅಕ್ಕ ನಕ್ಕಿದ್ದೇ ನಕ್ಕಿದ್ದು. ಗಾಳಿ ಗದ್ದದ ಕೆಳಗಿಂದ ನುಗ್ಗತಿತ್ತು.

ಈಗ ಅವನು ಕೊಳ್ಳಿಗೆ ಟವೆಲ್ ಸುತ್ತಿ, ತುದಿ ಅಂಗಿಯೊಳಗ ಸಿಗಿಸಿ, ಗಾಜು ಪೂರ್ತಿ ಇಳಿಸಿ, ಪಟ್ಟಿ ಬಿಗಿ ಮಾಡ್ಕೊಂತಾನ. ಹೆಲ್ಮೆಟ್ಟಿನೊಳಗ ಮಾತ್ರ ಬಟ್ಟಿ ತುರುಕಬ್ಯಾಡ್ರಿ, ತಲಿಗೆ ಸರಿ ಕೂರಂಗಿಲ್ಲ. ಹಿಂದ ಕೂರೋ ನಮಗೂ 2016ರಿಂದ ಹೆಲ್ಮೆಟ್ ಕಡ್ಡಾಯ ಐತಿ, ಮರೀಬ್ಯಾಡ್ರಿ.

ಮಗ ಈಗ ಮೊದಲ ಕೂಗಿಗೇ ಊಟಕ್ಕ ಬರ್ತಾನ.