ನೋ ಬ್ಲಾಕರ್ಸ್

ಬೆಳಿಗ್ಗೆ 10ಕ್ಕೆ ನಾವು ಏಳು ಜನ ಬೋರ್ಡಿನ ಮುಂದೆ ನಿಲ್ಲುತ್ತಿದ್ದೆವು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ತೊಡಕೇನಾದರೂ ಇದೆಯೇ? ಮೂರು ಪ್ರಶ್ನೆ, 15 ನಿಮಿಷ. ಕೂತರೆ ಮಾತು ಬೆಳೆಯುತ್ತದೆಂದು ನಿಂತೇ ಮುಗಿಸುವ ಸಭೆ. ತೊಡಕಿಗೆ ನಮ್ಮ ಆಫೀಸಿನ ಹೆಸರು ಬ್ಲಾಕರ್. ‘ನೋ ಬ್ಲಾಕರ್ಸ್’ ಎಂದರೆ ಮುಂದಿನವರ ಸರದಿ. ನಾನು ಆ ತಂಡದ ಸ್ಕ್ರಮ್ ಮಾಸ್ಟರ್.

ಸ್ಕ್ರಮ್ ರಗ್ಬಿ ಆಟದ ಪದ. ಹೆಗಲಿಗೆ ಹೆಗಲು ಕೊಟ್ಟು, ತಲೆ ತಗ್ಗಿಸಿ, ಒಟ್ಟಾಗಿ ತಳ್ಳುವುದು. 1986ರಲ್ಲಿ ತಕೆಉಚಿ ಮತ್ತು ನೊನಾಕಾ ಎಂಬ ಜಪಾನಿನ ವಿದ್ವಾಂಸರು ತಂಡದ ಕೆಲಸಕ್ಕೆ ಈ ಆಟದ ಹೋಲಿಕೆ ಕೊಟ್ಟರು. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ 17 ಮಂದಿ ಬರೆದ ಅಜೈಲ್ ಪ್ರಣಾಳಿಕೆಯ ಮೊದಲ ಆಶಯವೂ ಇದೇ ದಾರಿಯದು: ಪದ್ಧತಿಗಳಿಗಿಂತ ಮನುಷ್ಯರು, ಅವರ ಒಡನಾಟ ಮುಖ್ಯ. ಇದನ್ನೆಲ್ಲ ನಾನು ತರಬೇತಿಯಲ್ಲಿ ಕಲಿತಿದ್ದೆ, ಸರ್ಟಿಫಿಕೇಟೂ ಇತ್ತು.

ನಮ್ಮದು ಎರಡು ವಾರದ ಸ್ಪ್ರಿಂಟ್. ಪ್ರತಿ ಕೆಲಸಕ್ಕೂ ಇಂತಿಷ್ಟು ಪಾಯಿಂಟ್. ಅದು ಕೆಲಸದ ಭಾರವನ್ನು ಅಂದಾಜು ಮಾಡಲು ಇರುವುದು, ಆಳನ್ನು ಅಳೆಯಲು ಅಲ್ಲ. ಆದರೂ ಯಾರು ಎಷ್ಟು ಮುಗಿಸಿದರು, ಯಾರು ಎಲ್ಲಿ ಸಿಕ್ಕಿಕೊಂಡರು ಎಂದು ಹೆಸರು ಹಾಕಿ ಪ್ರತಿ ಶುಕ್ರವಾರ ಮ್ಯಾನೇಜರಿಗೆ ಕಳಿಸುತ್ತಿದ್ದೆ. ಅವರು ಕೇಳಿದ್ದರು, ನಾನು ಕೊಟ್ಟೆ.

ತಂಡಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಎಂಟು ದಿನವೂ ‘ನೋ ಬ್ಲಾಕರ್ಸ್’ ಎಂದಳು. ಒಂಬತ್ತನೆಯ ದಿನ, ಕೆಲಸ ಅರ್ಧವೂ ಆಗಿಲ್ಲವೆಂದು ಗೊತ್ತಾಯಿತು. ಟೆಸ್ಟ್ ಸರ್ವರಿಗೆ ಹೋಗಲು ಅವಳಿಗೆ ಅನುಮತಿಯೇ ಇರಲಿಲ್ಲ. ಒಂದು ಫೋನಿನಲ್ಲಿ ಮುಗಿಯುವ ಸಂಗತಿ.

‘ಮೊದಲೇ ಯಾಕಮ್ಮಾ ಹೇಳಲಿಲ್ಲ?’ ಎಂದೆ.

‘ಹೇಳಿದ್ರೆ ನೀವು ಬರ್ಕೋತಿದ್ರಲ್ಲ ಮೇಡಂ.’

ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ದಿನಾ ತೊಡಕು ಕೇಳುತ್ತಿದ್ದ ನಾನೇ ಅದನ್ನು ಹೇಳದಂತೆ ಮಾಡಿದ್ದೆ.

ಸೋಮವಾರ ಮೊದಲು ನಾನೇ ಉತ್ತರಿಸಿದೆ. ‘ನನಗೊಂದು ಬ್ಲಾಕರ್ ಇದೆ. ಆ ಪಟ್ಟಿ ಕಳಿಸೋದು ನಿಲ್ಲಿಸಬೇಕು. ಮ್ಯಾನೇಜರ್ ಹತ್ರ ಹೇಳೋಕೆ ಧೈರ್ಯ ಸಾಲ್ತಿಲ್ಲ.’ ಯಾರೂ ಮಾತಾಡಲಿಲ್ಲ. ಸಭೆಯುದ್ದಕ್ಕೂ ಮೊಬೈಲ್ ನೋಡುತ್ತಿರುತ್ತಿದ್ದ ಹಿರಿಯ ಸಹೋದ್ಯೋಗಿ ತಲೆಯೆತ್ತಿ, ‘ಮಧ್ಯಾಹ್ನ ನಾನೂ ಬರ್ತೀನಿ, ನಡೀರಿ’ ಎಂದರು.

ಮ್ಯಾನೇಜರ್ ಗೊಣಗಿದರು, ಇಡೀ ತಂಡದ ಒಟ್ಟು ಲೆಕ್ಕ ಸಾಕೆಂದು ಒಪ್ಪಿದರು. ಮುಂದಿನ ಸ್ಪ್ರಿಂಟಿನಲ್ಲಿ ಬೋರ್ಡಿನ ಮೇಲೆ ತೊಡಕುಗಳ ಪಟ್ಟಿ ಉದ್ದವಾಯಿತು. ಹೊರಗಿನವರಿಗೆ ತಂಡ ಹದಗೆಟ್ಟಿದೆ ಅನ್ನಿಸಿರಬೇಕು.