ಮುಚ್ಚಳಿಕೆ ಬರೆದುಕೊಟ್ಟ ಪೂರ್ವಜರು

ವಂಶದ ಮೂಲವನ್ನು ಅರಸಿ ಹೊರಟವರಿಗೆ ಪೂರ್ವಜರಲ್ಲಿ ಒಬ್ಬ ವೀರನಾದರೂ ದೊರೆಯಲೆಂಬ ಹಂಬಲವಿರುವುದು ಸಹಜ. ನೈಋತ್ಯ ಸ್ಕಾಟ್ಲೆಂಡಿನ ಮನೆತನಗಳ ಸಂತತಿಯವರಿಗೆ ಆ ವೀರನೆಂದರೆ ಹೆಚ್ಚಾಗಿ ‘ಕವೆನೆಂಟರ್’. 1637ರಲ್ಲಿ ಮೊದಲನೆಯ ಚಾರ್ಲ್ಸ್ ದೊರೆಯು ಸ್ಕಾಟ್ಲೆಂಡಿನ ಚರ್ಚಿನ ಮೇಲೆ ಹೊಸ ಪ್ರಾರ್ಥನಾ ಗ್ರಂಥವೊಂದನ್ನು ಹೇರಿದನು. ಅದನ್ನು ವಿರೋಧಿಸಿದವರು 1638ರ ಫೆಬ್ರವರಿ 28ರಂದು ಎಡಿನ್‌ಬರೋದ ಗ್ರೇಫ್ರಯರ್ಸ್ ಚರ್ಚಿನಲ್ಲಿ ಒಡಂಬಡಿಕೆಯೊಂದಕ್ಕೆ ಸಹಿ ಹಾಕತೊಡಗಿದರು. ಕವೆನೆಂಟ್ ಎಂಬ ಆ ಒಡಂಬಡಿಕೆಯಿಂದಲೇ ಅವರಿಗೆ ಈ ಹೆಸರು ಬಂದಿತು. ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಮರಳಿದ ಮೇಲೆ ಬಿಷಪ್ಪರ ಆಡಳಿತವೂ ಮರಳಿತು. ಅದಕ್ಕೆ ತಲೆಬಾಗದ ಪಾದ್ರಿಗಳು ಚರ್ಚುಗಳಿಂದ ಹೊರಬಿದ್ದು ಬೆಟ್ಟ ಬಯಲುಗಳಲ್ಲಿ ಉಪದೇಶ ಮಾಡಿದರು. ಅಲ್ಲಿಗೆ ಹೋಗಿ ಕೇಳುವುದೇ ಅಪರಾಧವೆನಿಸಿತು.

ಈ ಜನರ ಕುರಿತ ಆಕರಗಳ ಸ್ವರೂಪ ವಿಚಿತ್ರವಾದುದು. ಒಕ್ಕಲಿಗ, ನೇಕಾರ, ಕುರಿಗಾಹಿಗಳ ಹೆಸರುಗಳನ್ನು ಬಹುಮಟ್ಟಿಗೆ ಉಳಿಸಿಕೊಟ್ಟಿರುವುದು ಅವರನ್ನು ಹಿಂಸಿಸಿದ ಆಡಳಿತವೇ. ಪ್ರಿವಿ ಕೌನ್ಸಿಲಿನ ಕಡತಗಳಲ್ಲಿ ದಂಡ ತೆತ್ತವರೂ ಗಡಿಪಾರಾದವರೂ ಸಾಲುಗಟ್ಟಿದ್ದಾರೆ. 1684ರಲ್ಲಿ ವಿಗ್‌ಟನ್ ಸೀಮೆಯಲ್ಲಿ ಹನ್ನೆರಡು ವರ್ಷ ಮೀರಿದವರೆಲ್ಲರ ಪಟ್ಟಿಯನ್ನು ಊರೂರಿನಲ್ಲಿ ತಯಾರಿಸಲಾಯಿತು. ಅಂದಿನ ಉದ್ದೇಶ ಚರ್ಚಿಗೆ ಬಾರದವರನ್ನು ಪತ್ತೆಹಚ್ಚುವುದು. ಇಂದು ಅದು ವಂಶಶೋಧಕರ ನಿಧಿ. ಇನ್ನೊಂದೆಡೆ, ಬಯಲಿನ ಪಾದ್ರಿಯಿಂದ ದೀಕ್ಷಾಸ್ನಾನ ಪಡೆದ ಮಗುವಿನ ಹೆಸರು ಊರ ಚರ್ಚಿನ ದಾಖಲೆಗೆ ಸೇರುತ್ತಿರಲಿಲ್ಲ. ಆದ್ದರಿಂದ ಅಲ್ಲಿ ಕಾಣುವ ಶೂನ್ಯವೂ ಕೆಲವೊಮ್ಮೆ ಪ್ರತಿಭಟನೆಯ ಗುರುತಾಗಿರಬಹುದು. ಆದರೆ ಪುಟ ಹರಿದುದರಿಂದಲೂ ಶೂನ್ಯ ಉಂಟಾಗುತ್ತದೆ. ಜಾನ್, ಜೇಮ್ಸ್, ಮಾರ್ಗರೆಟ್ ಎಂಬ ಕೆಲವೇ ಹೆಸರುಗಳು ಮನೆಮನೆಯಲ್ಲೂ ಮರುಕಳಿಸುವ ಸೀಮೆಯಲ್ಲಿ ಹೆಸರಿನ ಸಾಮ್ಯವೊಂದೇ ರಕ್ತಸಂಬಂಧಕ್ಕೆ ಪ್ರಮಾಣವಾಗದು.

1679ರ ಜೂನ್ 22ರಂದು ಬಾತ್‌ವೆಲ್ ಸೇತುವೆಯ ಕಾಳಗದಲ್ಲಿ ಕವೆನೆಂಟರ್‌ಗಳು ಸೋತರು. ಸೆರೆಸಿಕ್ಕ ಸುಮಾರು 1,200 ಮಂದಿಯನ್ನು ಗ್ರೇಫ್ರಯರ್ಸ್ ಸ್ಮಶಾನಕ್ಕೆ ಹೊಂದಿಕೊಂಡ ಬಯಲಿನಲ್ಲಿ ಕೂಡಿಹಾಕಲಾಯಿತು. ನಾಲ್ಕು ದಶಕಗಳ ಹಿಂದೆ ಒಡಂಬಡಿಕೆಗೆ ಸಹಿ ಬಿದ್ದ ಆ ಸ್ಥಳದಲ್ಲೇ ಈಗ ಇನ್ನೊಂದು ಸಹಿಯನ್ನು ಕೇಳಲಾಯಿತು. ದೊರೆಯ ವಿರುದ್ಧ ಮತ್ತೆ ಆಯುಧ ಹಿಡಿಯುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟ ಅನೇಕರು ಬಿಡುಗಡೆ ಹೊಂದಿದರು. ಕೊನೆಗೆ ಉಳಿದ ಸುಮಾರು 250 ಮಂದಿಯನ್ನು ಅಮೆರಿಕದ ತೋಟಗಳಿಗೆ ಸಾಗಿಸಲು ‘ಕ್ರೌನ್’ ಎಂಬ ಹಡಗಿಗೆ ತುಂಬಿದರು. ಡಿಸೆಂಬರ್ 10ರಂದು ಆರ್ಕ್ನಿ ದ್ವೀಪದ ಡಿಯರ್ನೆಸ್ ಬಳಿ ಹಡಗು ಒಡೆದು ಅವರಲ್ಲಿ ಸುಮಾರು 200 ಮಂದಿ ನೀರುಪಾಲಾದರು.

ಮುಳುಗಿದವರಿಗಾಗಿ 1888ರಲ್ಲಿ ಡಿಯರ್ನೆಸ್‌ನಲ್ಲಿ ಸ್ಮಾರಕವೆದ್ದಿತು. ಅದಕ್ಕೂ ಮೊದಲೇ, 1720ರ ದಶಕದ ಆರಂಭದಲ್ಲಿ, ರಾಬರ್ಟ್ ವುಡ್ರೋ ಈ ಯಾತನೆಗಳ ಬೃಹತ್ ಚರಿತ್ರೆಯನ್ನು ಪ್ರಕಟಿಸಿದ್ದನು. ಕಲ್ಲುಕುಟಿಗ ರಾಬರ್ಟ್ ಪ್ಯಾಟರ್ಸನ್ ಊರೂರು ಅಲೆದು ಹುತಾತ್ಮರ ಗೋರಿಗಳ ಮಾಸಿದ ಅಕ್ಷರಗಳನ್ನು ಮತ್ತೆ ಕೊರೆದಿದ್ದನು. ಮುಚ್ಚಳಿಕೆ ಬರೆದುಕೊಟ್ಟವರ ನೆನಪಿಗೆ ಅಂಥ ಕಲ್ಲುಗಳಿಲ್ಲ. ಆದರೂ ಊರಿಗೆ ಮರಳಿ, ಹೊಲ ಉತ್ತು, ಮಕ್ಕಳನ್ನು ಪಡೆಯುವ ಅವಕಾಶ ದೊರೆತದ್ದು ಅವರಿಗೆ. ಹುತಾತ್ಮನನ್ನು ಅರಸಿ ಹೊರಟ ವಂಶಜನು ಕಡತದಲ್ಲಿ ಭೇಟಿಯಾಗುವುದು ಹಲವು ಬಾರಿ ಇಂಥವನನ್ನೇ. ಅವನ ಸಹಿಯನ್ನು ದ್ರೋಹವೆಂದು ಅಳಿಸದೆ, ವಿವೇಕವೆಂದು ಅಲಂಕರಿಸದೆ, ಇದ್ದಂತೆ ಓದುವುದು ಶೋಧಕನ ಧರ್ಮ. ಆ ಸಹಿ ಬೀಳದಿದ್ದರೆ ಅದನ್ನು ಇಂದು ಓದುವ ಮೊಮ್ಮಗನೇ ಹುಟ್ಟುತ್ತಿರಲಿಲ್ಲವೇನೋ.